ಬೆಂಗಳೂರಿಗೆ ಬಂದಿಳಿದ ಯಕ್ಷಿಗೆ ಊರೇ ಕಾಣಲಿಲ್ಲ

'ಲೋಕಾ: ಚಾಪ್ಟರ್ 1 ಚಂದ್ರ' ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳು ಚಲಾವಣೆಯಲ್ಲಿವೆ. ಹೆಣ್ಣೊಬ್ಬಳನ್ನು ನಟ್ಟನಡುವೆ ನಿಲ್ಲಿಸಿ, ಸುಮಾರು ₹30 ಕೋಟಿ ಎಂದು ವರದಿಯಾದ ಬಂಡವಾಳದಲ್ಲಿ ಸೂಪರ್‌ಹೀರೊ ಸಿನಿಮಾ ಮಾಡಿ, ₹300 ಕೋಟಿ ದಾಟಿದ ಮೊದಲ ಮಲಯಾಳಂ ಚಿತ್ರ ಎನಿಸಿಕೊಂಡ ಇದು ಭಾರತೀಯ ಸಿನಿಮಾಕ್ಕೇ ಹೊಸ ದಾರಿ ತೋರಿಸಿತು ಎಂಬುದು ಒಂದು. ಬೆಂಗಳೂರಿನ ಹೆಣ್ಣುಮಕ್ಕಳನ್ನು ಹೀಯಾಳಿಸಿ, ಪೊಲೀಸ್ ಖಳನಿಗೆ ಗೌಡ ಎಂದು ಹೆಸರಿಟ್ಟು, ಕನ್ನಡಿಗರನ್ನು ಕೆರಳಿಸಿದ ಚಿತ್ರ ಇದು ಎಂಬುದು ಇನ್ನೊಂದು. ಮೊದಲನೆಯದು ಪತ್ರಿಕೆಗಳ ವಿಮರ್ಶೆಯಲ್ಲಿ, ಎರಡನೆಯದು ಟೀವಿ ಚರ್ಚೆಗಳಲ್ಲಿ ಗಟ್ಟಿಯಾಯಿತು. ಎರಡರಲ್ಲೂ ಸತ್ಯದ ತುಣುಕುಗಳಿವೆ, ಎರಡೂ ಮುಖ್ಯವಾದದ್ದನ್ನು ಬಿಟ್ಟಿವೆ. ಸರಣಿಯೊಂದರ ಮೊದಲ ಕಂತಾಗಿ ನೋಡಿದರೆ 'ಲೋಕಾ' ನಿರಾಸೆ ಹುಟ್ಟಿಸುವ ಕೃತಿ. ಆ ನಿರಾಸೆಗೆ ಕಾರಣ ಒಂದು ಸಂಭಾಷಣೆಯಲ್ಲಿ ಇಲ್ಲ. ತಾನು ಕಥೆ ಕಟ್ಟಿದ ಊರನ್ನೇ ಚಿತ್ರ ಕಣ್ತೆರೆದು ನೋಡಿಲ್ಲ ಎಂಬುದರಲ್ಲಿದೆ.

ಜಗಳಕ್ಕೆ ಮೊದಲು ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ವೈಟ್‌ಫೀಲ್ಡಿನ ಮಾಲೊಂದರಲ್ಲಿ, ಮಲಯಾಳಿ ಹುಡುಗ ಹುಡುಗಿಯರಿಂದ ತುಂಬಿದ್ದ ಆಟದಲ್ಲಿ, ನಾನಿದನ್ನು ಮೂಲದಲ್ಲೇ ನೋಡಿದೆ. ನಿಮಿಷ್ ರವಿಯವರ ಕ್ಯಾಮೆರಾ ಕೆಂಪನ್ನೂ ನೀಲಿಯನ್ನೂ ಬಳಸುವ ಬಗೆಯಲ್ಲಿ ಪೋಲು ಎಂಬುದಿಲ್ಲ. ಕಲ್ಯಾಣಿ ಪ್ರಿಯದರ್ಶನ್ ಮಾತು ಕಡಿಮೆ ಮಾಡಿ ಮೈಯನ್ನೇ ನಟನೆಗೆ ಒಗ್ಗಿಸಿಕೊಂಡಿದ್ದಾರೆ. ಹೊಡೆದಾಟದಲ್ಲಿ ಅವರ ಭುಜ ಇಳಿಯುವ ರೀತಿ ನೋಡಿದರೆ ಈ ಹೆಣ್ಣು ಶತಮಾನಗಳಿಂದ ಹೊಡೆದಾಡಿ ಬೇಸತ್ತವಳು ಅನ್ನಿಸುತ್ತದೆ. ನಿರ್ದೇಶಕ ಡೊಮಿನಿಕ್ ಅರುಣ್ ಮತ್ತು ಬರವಣಿಗೆಯಲ್ಲಿ ಜೊತೆಯಾದ ಶಾಂತಿ ಬಾಲಚಂದ್ರನ್ ಮಾಡಿದ ದೊಡ್ಡ ಕೆಲಸವೆಂದರೆ ಕಳ್ಳಿಯಂಕಾಟ್ಟು ನೀಲಿಯನ್ನು ತಲೆಕೆಳಗು ಮಾಡಿದ್ದು. ಮಲಯಾಳದ ಐತಿಹ್ಯದಲ್ಲಿ ದಾರಿಹೋಕ ಗಂಡಸರ ರಕ್ತ ಹೀರುವ, ಕೊನೆಗೆ ಕಡಮಟ್ಟತ್ತು ಕತ್ತನಾರ್ ಎಂಬ ಪಾದ್ರಿ ಮಂತ್ರಬಲದಿಂದ ಪಳಗಿಸುವ ಯಕ್ಷಿ ಇಲ್ಲಿ ಚಂದ್ರ ಎಂಬ ರಕ್ಷಕಿ. ಇದು ಸಣ್ಣ ಸಾಹಸವಲ್ಲ. ಈ ಮಟ್ಟದ ಕಸುಬಿಗೆ ಉದಾರವಾಗಿ ಅಂಕ ಹಾಕಿ ಮುಂದೆ ಹೋಗುವುದು ಸುಲಭ. ಆದರೆ ಐದು ಚಿತ್ರಗಳ ಸರಣಿ ಎಂದು ಘೋಷಿಸಿಕೊಂಡ ಕೃತಿಯ ಬುನಾದಿಯಲ್ಲೇ ಬಿರುಕಿದ್ದರೆ ಅದನ್ನು ಈಗಲೇ ಹೇಳಬೇಕು.

ಇದನ್ನು ಕಂತು ಎಂದು ಯಾಕೆ ಕರೆಯುತ್ತಿದ್ದೇನೆ? ಚಿತ್ರವೇ ತನ್ನನ್ನು ಹಾಗೆ ಕರೆದುಕೊಂಡಿದೆ. ಹೆಸರಿನಲ್ಲೇ ಚಾಪ್ಟರ್ 1. ಟೊವಿನೊ ಥಾಮಸ್ ಚಾತ್ತನ್ ಆಗಿ, ದುಲ್ಕರ್ ಸಲ್ಮಾನ್ ಒಡಿಯನ್ ಆಗಿ ಬಂದುಹೋಗುತ್ತಾರೆ. ಮೂತ್ತೋನ್ ಎಂಬ ಕಾಣದ ಹಿರಿಯನಿಗೆ ಮಮ್ಮೂಟ್ಟಿಯವರ ದನಿ. ಬಿಡುಗಡೆಯಾದ ಒಂದೇ ತಿಂಗಳಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ, ಟೊವಿನೊ ಮುಖ್ಯಪಾತ್ರದ ಎರಡನೇ ಅಧ್ಯಾಯದ ಘೋಷಣೆಯೂ ಆಯಿತು. ಚಿತ್ರಮಂದಿರದ ಸಿನಿಮಾ ಹೀಗೆ ಟೀವಿ ಸರಣಿಯ ವ್ಯಾಕರಣವನ್ನು ಹಾಕಿಕೊಂಡ ಮೇಲೆ ಅದನ್ನು ಅಳೆಯುವ ಕೋಲೂ ಬದಲಾಗಬೇಕು. ಮೊದಲ ಕಂತು ಮಾಡಲೇಬೇಕಾದ ಕೆಲಸ ಮೂರು. ನಾವು ಎಲ್ಲಿದ್ದೇವೆ ಎಂದು ತಿಳಿಸಬೇಕು. ಇಲ್ಲಿ ನೋವು ಯಾವುದರಿಂದ ಹುಟ್ಟುತ್ತದೆ ಎಂದು ತೋರಿಸಬೇಕು. ಈ ನೋವಿಗೆ ಈ ವ್ಯಕ್ತಿಯೇ ಯಾಕೆ ಎದುರು ನಿಲ್ಲಬೇಕು ಎಂದು ನಮ್ಮನ್ನು ಒಪ್ಪಿಸಬೇಕು. ಮೂರನೆಯದನ್ನು 'ಲೋಕಾ' ಸೊಗಸಾಗಿ ಮಾಡುತ್ತದೆ. ಮೊದಲ ಎರಡರಲ್ಲಿ ನಪಾಸಾಗುತ್ತದೆ.

ಸಂಭಾಷಣೆಯ ಗಲಾಟೆಯನ್ನು ಮೊದಲು ಮುಗಿಸೋಣ. ಸ್ಯಾಂಡಿ ಮಾಡಿದ ಇನ್‌ಸ್ಪೆಕ್ಟರ್ ನಾಚಿಯಪ್ಪ ಗೌಡ, ಈ ಊರಿನ ಹುಡುಗಿಯರ ಶೀಲದ ಬಗ್ಗೆ ಕೊಳಕು ಮಾತಾಡಿ, ಅಂಥವರನ್ನು ಮದುವೆಯಾಗುವುದಿಲ್ಲ ಎನ್ನುತ್ತಾನೆ. ಆಕ್ಷೇಪ ಬಂತು. ನಿರ್ಮಾಣ ಸಂಸ್ಥೆ ವೇಫೇರರ್ ಫಿಲ್ಮ್ಸ್ ಸೆಪ್ಟೆಂಬರ್ ಮೊದಲ ವಾರದಲ್ಲೇ ಕ್ಷಮೆ ಕೇಳಿ, ಮಾತನ್ನು ತೆಗೆಯುವುದಾಗಿ ಹೇಳಿತು. ಇದನ್ನು ಕನ್ನಡಿಗರ ಗೆಲುವು ಎಂದು ಹಲವರು ಬಗೆದರು. ನನಗದು ಗೆಲುವಾಗಿ ಕಾಣಲಿಲ್ಲ. ಆ ಮಾತು ಖಳನ ಬಾಯಲ್ಲಿತ್ತು. ಹೆಣ್ಣು ರಾತ್ರಿ ಹೊರಗೆ ಓಡಾಡಿದರೆ, ಸ್ವಂತ ಸಂಬಳದಲ್ಲಿ ಬದುಕಿದರೆ, ಅವಳ ನಡತೆಯನ್ನು ತೂಗುವ ಗಂಡಸು ಈ ಊರಿನಲ್ಲಿ ಇಲ್ಲವೇ? ಬೇಕಾದಷ್ಟಿದ್ದಾನೆ. ಪಿಜಿ ಮಾಲೀಕನ ರೂಪದಲ್ಲಿ, ಬಾಡಿಗೆ ಮನೆ ತೋರಿಸುವ ಬ್ರೋಕರ್ ರೂಪದಲ್ಲಿ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯ ರೂಪದಲ್ಲಿ ಇದ್ದಾನೆ. ಠಾಣೆಯಲ್ಲಿ ದೂರು ಕೊಡಲು ಹೋದವಳಿಗೆ 'ಅಷ್ಟೊತ್ತಲ್ಲಿ ಅಲ್ಲಿಗ್ಯಾಕಮ್ಮ ಹೋಗಿದ್ದೆ?' ಎಂದು ಕೇಳುವ ರೂಪದಲ್ಲೂ ಇದ್ದಾನೆ. ಇಡೀ ಚಿತ್ರದಲ್ಲಿ ಬೆಂಗಳೂರಿನ ಒಂದು ನಿಜವಾದ ಕಾಯಿಲೆ ಬಾಯಿಬಿಟ್ಟದ್ದು ಆ ಸಾಲಿನಲ್ಲೇ. ನಾವು ಅದನ್ನೇ ತೆಗೆಸಿದೆವು.

ಹಾಗಾದರೆ ಮಾತು ಅಷ್ಟು ಚುಚ್ಚಿದ್ದೇಕೆ? ಅದಕ್ಕೆ ಎದುರು ನಿಲ್ಲುವಂಥ, ನೆನಪಿನಲ್ಲಿ ಉಳಿಯುವಂಥ ಈ ಊರಿನ ಹೆಣ್ಣೊಬ್ಬಳು ಚಿತ್ರದಲ್ಲಿ ಇಲ್ಲದ್ದರಿಂದ. ಖಳ ಬೈಯುವ ಬೆಂಗಳೂರಿನ ಹುಡುಗಿಯರು ತೆರೆಯ ಮೇಲೆ ಮನುಷ್ಯರಾಗಿ ಬಂದಿದ್ದರೆ ಅವನ ಮಾತು ಅವನ ಮುಖಕ್ಕೇ ಬಡಿಯುತ್ತಿತ್ತು. ಅವರು ಇಲ್ಲದ್ದರಿಂದ ಮಾತು ಅನಾಥವಾಗಿ ತೇಲಿ ಪ್ರೇಕ್ಷಕರ ಮೈಮೇಲೆ ಬಿತ್ತು. ತಕರಾರು ಎತ್ತಿದವರಿಗೆ ನೋವಾದದ್ದು ಸುಳ್ಳಲ್ಲ. ನೋವಿನ ಮೂಲವನ್ನು ಮಾತ್ರ ಅವರು ತಪ್ಪು ಜಾಗದಲ್ಲಿ ಹುಡುಕಿದರು.

ಚಿತ್ರದ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ಹೊಗಳುವವರೂ ತೆಗಳುವವರೂ ಹಿನ್ನೋಟದ ಕಥೆಯನ್ನೇ ತೋರಿಸುತ್ತಾರೆ. ನಾನೂ ಅದನ್ನೇ ತೋರಿಸುತ್ತೇನೆ, ನನ್ನ ವಾದಕ್ಕೆ ಅದೇ ಸಾಕ್ಷಿ. ಬುಡಕಟ್ಟಿನ ಪುಟ್ಟ ಹುಡುಗಿ. ದೇಗುಲದೊಳಗೆ ಕಾಲಿಟ್ಟ 'ಅಪರಾಧ'. ರಾಜನ ಕಡೆಯವರ ದಾಳಿ. ಗುಹೆಯ ಕತ್ತಲಲ್ಲಿ ಅವಳಿಗೆ ಒದಗಿಬರುವ ಶಕ್ತಿ. ಈ ಭಾಗ ಯಾಕೆ ಮೈ ನಡುಗಿಸುತ್ತದೆ? ಅಲ್ಲಿ ಹಿಂಸೆಗೆ ಒಂದು ವ್ಯವಸ್ಥೆಯಿದೆ. ಯಾರು ಒಳಗೆ ಬರಬಹುದು, ಯಾರು ಬರಬಾರದು ಎಂಬ ಕಟ್ಟಳೆಯಿದೆ. ಆ ಕಟ್ಟಳೆಯನ್ನು ಕಾಯುವ ಸೈನಿಕರಿದ್ದಾರೆ, ಅದರಿಂದ ಲಾಭ ಪಡೆಯುವ ದೊರೆಯಿದ್ದಾನೆ. ರಾಜ ಕೆಟ್ಟ ಮನುಷ್ಯನಾದ್ದರಿಂದ ಹುಡುಗಿಯ ಜನ ಸಾಯುವುದಲ್ಲ. ರಾಜ್ಯ ನಡೆಯುವ ಕ್ರಮವೇ ಅವರನ್ನು ಕೊಲ್ಲುತ್ತದೆ. ಜಾತಿ ಎಂಬ ಪದವನ್ನು ಎತ್ತಿ ಆಡದೆಯೇ ಚಿತ್ರ ಅದರ ಅಂಗರಚನೆಯನ್ನು ಬಿಡಿಸಿಡುತ್ತದೆ.

ಅದೇ ಚಿತ್ರ ವರ್ತಮಾನದ ಬೆಂಗಳೂರಿಗೆ ಬಂದ ಕೂಡಲೇ ಆ ಬುದ್ಧಿಯನ್ನು ಬದಿಗಿಡುತ್ತದೆ. ಇಲ್ಲಿ ಹಿಂಸೆ ಎಂದರೆ ಒಂದು ಗ್ಯಾಂಗು. ಅಂಗಾಂಗ ಕದಿಯಲು ಜನರನ್ನು ಎತ್ತಿಹಾಕಿಕೊಂಡು ಹೋಗುವ ರೌಡಿಗಳು, ಅವರಿಗೆ ಕಾವಲಾಗಿ ಒಬ್ಬ ಭ್ರಷ್ಟ ಇನ್‌ಸ್ಪೆಕ್ಟರ್. ಅವರನ್ನು ಮುಗಿಸಿದರೆ ಊರು ಶುದ್ಧ. ಅಂಗಾಂಗ ದಂಧೆ ಈ ನೆಲಕ್ಕೆ ಹೊಸದೇನಲ್ಲ. 1990ರ ದಶಕದ ಹೊತ್ತಿಗೆ ಬೆಂಗಳೂರು ಕಿಡ್ನಿ ವ್ಯಾಪಾರಕ್ಕೆ ಕುಖ್ಯಾತವಾಗಿತ್ತು. ಮಂಡ್ಯದ ಕಡೆಯ ಹಳ್ಳಿಗಳಿಂದ ಜನ ಇಲ್ಲಿಗೆ ಬಂದು ಕಿಡ್ನಿ ಮಾರಿ ಹೋದ ಕಥೆಗಳು ನಮ್ಮ ಪತ್ರಿಕೆಗಳಲ್ಲೇ ಬಂದಿವೆ. ಅವರನ್ನು ಯಾರೂ ವ್ಯಾನಿನಲ್ಲಿ ಎತ್ತಿಹಾಕಿಕೊಂಡು ಬರಲಿಲ್ಲ. ಬೆಳೆಸಾಲ, ಮಗಳ ಮದುವೆಯ ಕೈಸಾಲ, ಊರಿನ ಪರಿಚಯದ ದಲ್ಲಾಳಿ, ಇಷ್ಟೇ ಸಾಕಾಗಿತ್ತು. 1994ರ ಅಂಗಾಂಗ ಕಸಿ ಕಾಯ್ದೆ ಮಾರಾಟವನ್ನು ಅಪರಾಧ ಎಂದಿತು. ಆದರೆ ಪ್ರೀತಿ, ಒಡನಾಟದ ಕಾರಣಕ್ಕೆ ಸಂಬಂಧಿಕರಲ್ಲದವರೂ ಸಮಿತಿಯ ಒಪ್ಪಿಗೆ ಪಡೆದು ದಾನ ಮಾಡಬಹುದು ಎಂದು ಬಾಗಿಲನ್ನು ಅರ್ಧ ತೆರೆದಿಟ್ಟಿತು. ಎಂದೂ ನೋಡದ ಧನಿಕನ ಮೇಲೆ ಕೂಲಿಯವನಿಗೆ ದಿಢೀರನೆ ಹುಟ್ಟಿದ ಪ್ರೀತಿಯನ್ನು ಛಾಪಾ ಕಾಗದದ ಮೇಲೆ ಬರೆದುಕೊಟ್ಟರೆ ದಾರಿಯಾಗುತ್ತಿತ್ತು. ರಾಜನ ಕಟ್ಟಳೆಯನ್ನು ಅಷ್ಟು ನಿಖರವಾಗಿ ಓದಿದ ಲೇಖಕರಿಗೆ ಈ ಕಾಗದದ ಕಟ್ಟಳೆ ಕಾಣಬೇಕಿತ್ತು. ಸಾಲವನ್ನು ಗುದ್ದಿ ಬೀಳಿಸಲಾಗದ ಯಕ್ಷಿ, ಹೊಡೆಯಲು ಮುಖವೇ ಇಲ್ಲದ ಶತ್ರು ಎಂಬ ಬಿಕ್ಕಟ್ಟಿನಿಂದ ನಿಜವಾದ ಸರಣಿ ಹುಟ್ಟುತ್ತಿತ್ತು. ಚಿತ್ರ ಗ್ಯಾಂಗನ್ನು ಆರಿಸಿಕೊಂಡಿತು. ಗ್ಯಾಂಗಿಗಾದರೆ ಮುಖವಿದೆ, ಗುದ್ದಬಹುದು.

ಇನ್ನು ರಾತ್ರಿಯ ಮಾತು. ನನ್ನ ಮಟ್ಟಿಗೆ 'ಲೋಕಾ' ಕೈಚೆಲ್ಲಿದ ದೊಡ್ಡ ಅವಕಾಶ ಇದೇ. ಚಂದ್ರ ಹಗಲಿಗೆ ಬೆನ್ನು ಹಾಕಿದವಳು. ರಾತ್ರಿ ಪಾಳಿಯಲ್ಲಿ ಕೆಫೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಈಗ ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಗೋ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಆಸುಪಾಸಿಗೋ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಯಾವುದಾದರೂ ಲೇಡೀಸ್ ಪಿಜಿಯನ್ನು ನೋಡಿ. ಮೂರು ಹಾಸಿಗೆಯ ಕೋಣೆ. ಕಿಟಕಿ ಗಾಜಿಗೆ ದಿನಪತ್ರಿಕೆಯನ್ನೋ ಕಪ್ಪು ಹಾಳೆಯನ್ನೋ ಅಂಟಿಸಿರುತ್ತಾರೆ, ಒಬ್ಬಳು ಮುಸುಕು ಹೊದ್ದು ಮಲಗಿರುತ್ತಾಳೆ. ಅಮೆರಿಕದ ಹಗಲಿಗೆ ಎದ್ದಿದ್ದು ನಮ್ಮ ಹಗಲಿಗೆ ಮಲಗಿದವಳು ಅವಳು. ಕೆಳಗೆ ಅಡುಗೆಯವರು ತಿಂಡಿ ಪಾತ್ರೆ ಎತ್ತಿಟ್ಟಾಗಿರುತ್ತದೆ, ಅವಳ ಪಾಲಿನದು ತಟ್ಟೆ ಮುಚ್ಚಿ ತಣ್ಣಗಾಗಿರುತ್ತದೆ. ಇಂಥ ಹುಡುಗಿಯರು ಈ ಊರಿನ ಹೊರವಲಯದಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಇದ್ದಾರೆ. ಬಿಸಿಲು ಕಾಣದ ಯಕ್ಷಿಯ ರೂಪಕ ತಾನಾಗಿಯೇ ಬಂದು ನಿಲ್ಲಬಹುದಾಗಿದ್ದ ಜಗತ್ತಿನ ಕೆಲವೇ ಊರುಗಳಲ್ಲಿ ಬೆಂಗಳೂರು ಒಂದು. ಚಿತ್ರಕ್ಕೆ ಅದು ಹೊಳೆಯಲೇ ಇಲ್ಲ. ಚಂದ್ರಳ ರಾತ್ರಿ ಪಾಳಿ ಕಥೆಯ ಅನುಕೂಲಕ್ಕೆ ಬಂದದ್ದು. ಅವಳಿಗೆ ಸಂಬಳ ಎಷ್ಟು, ಬಾಡಿಗೆ ಎಷ್ಟು, ಮನೆಗೆ ಮರಳುವುದು ಹೇಗೆ ಎಂಬ ಪ್ರಶ್ನೆಗಳಿಗೆ ಚಿತ್ರದಲ್ಲಿ ತೂಕವೇ ಇಲ್ಲ.

ಮರಳುವುದು ಹೇಗೆ ಎಂಬುದು ಈ ಊರಿನಲ್ಲಿ ಚಿಲ್ಲರೆ ಪ್ರಶ್ನೆಯಲ್ಲ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು, ಕಂಪನಿಯ ಕ್ಯಾಬ್ ಎಂದು ನಂಬಿ ಹತ್ತಿದ ವಾಹನದ ಚಾಲಕನಿಂದಲೇ ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ಆ ಬಳಿಕ ಹೊರವಲಯದ ರಾತ್ರಿಯೇ ಬದಲಾಯಿತು. ಕ್ಯಾಬಿನಲ್ಲಿ ಹೆಣ್ಣುಮಗಳು ಮೊದಲು ಹತ್ತುವವಳಾಗಬಾರದು, ಕೊನೆಗೆ ಇಳಿಯುವವಳಾಗಬಾರದು, ಹಾಗಾದರೆ ಗಾರ್ಡ್ ಜೊತೆಗಿರಬೇಕು ಎಂಬ ಪದ್ಧತಿ ನೆಲೆಯಾಯಿತು. ಇವತ್ತಿಗೂ ನಡುರಾತ್ರಿ ಎರಡು ಗಂಟೆಗೆ ಪಿಜಿಯ ಗೇಟಿನ ಮುಂದೆ ಕ್ಯಾಬ್ ನಿಲ್ಲುತ್ತದೆ. ನಿದ್ದೆಗಣ್ಣಿನ ಗಾರ್ಡ್ ಮುಂದಿನ ಸೀಟಿನಿಂದ ಇಳಿದು ನಿಲ್ಲುತ್ತಾನೆ, ಅವಳು ಫೋನಿನಲ್ಲಿ ಡ್ರಾಪ್ ಖಾತ್ರಿ ಮಾಡಿ ಒಳಗೆ ಹೋಗುತ್ತಾಳೆ, ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಗಾಡಿ ಹೊರಡುತ್ತದೆ. ಹೆಣ್ಣಿನ ರಾತ್ರಿಯನ್ನು ಈ ಊರು ನಿಯಮಗಳಿಂದ, ಆ್ಯಪ್‌ಗಳಿಂದ, ಕಡಿಮೆ ಸಂಬಳದ ಗಾರ್ಡ್‌ಗಳಿಂದ ಹೇಗೋ ಹೊಲಿದು ನಿಲ್ಲಿಸಿದೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನದ ದುಡಿಮೆಯನ್ನು 12 ತಾಸಿನವರೆಗೆ ಹಿಗ್ಗಿಸಲು, ಷರತ್ತುಗಳೊಂದಿಗೆ ಹೆಂಗಸರನ್ನು ಕಾರ್ಖಾನೆಯ ರಾತ್ರಿ ಪಾಳಿಗೆ ಹಾಕಲು ದಾರಿ ಮಾಡಿತು. ಅಂದರೆ ಐಟಿಯ ರಾತ್ರಿ ಪೀಣ್ಯದ ಕಾರ್ಖಾನೆಗಳಿಗೂ ಬಂತು. 'ಲೋಕಾ' ತೆರೆಕಂಡ 2025ರ ಆಗಸ್ಟ್ 28ಕ್ಕೆ ಹದಿನೆಂಟು ದಿನ ಮೊದಲು ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾಗಿತ್ತು. ಅದು ಕೂಡ ನಡುರಾತ್ರಿಯ ಪಾಳಿಯವರಿಗೆ ಸಿಗುವುದಿಲ್ಲ. ಇಂಥ ಊರಿಗೆ ರಾತ್ರಿಯ ರಾಣಿಯೊಬ್ಬಳನ್ನು ಕರೆತಂದು, ರಾತ್ರಿಯನ್ನು ಬರೀ ನಿಯಾನ್ ಬಣ್ಣವಾಗಿ ತೋರಿಸುವುದು ಸೋಮಾರಿತನ.

'ಇದು ಸೂಪರ್‌ಹೀರೊ ಕಥೆ ಸ್ವಾಮಿ, ಸಾಕ್ಷ್ಯಚಿತ್ರ ಅಲ್ಲ' ಎಂಬ ಉತ್ತರ ಬರುತ್ತದೆಂದು ಗೊತ್ತು. ಪ್ರಕಾರದ ಒಳಗಿನಿಂದಲೇ ಉತ್ತರಿಸುತ್ತೇನೆ. ನೆಟ್‌ಫ್ಲಿಕ್ಸ್‌ನಲ್ಲಿ 2015ರ ಏಪ್ರಿಲ್ 10ರಂದು ಬಂದ ಮಾರ್ವೆಲ್‌ನ 'ಡೇರ್‌ಡೆವಿಲ್' ಸರಣಿಯ ಮೊದಲ ಕಂತನ್ನು ನೋಡಿ. ಕುರುಡು ವಕೀಲ, ಕತ್ತಲ ಬಂದರಿನಲ್ಲಿ ಹೊಡೆದಾಟ, ಕಂಟೇನರಿನಲ್ಲಿ ತುಂಬಿಟ್ಟ ಹೆಂಗಸರ ಬಿಡುಗಡೆ, ಎಲ್ಲ ಮಾಮೂಲು ಸರಕೂ ಅಲ್ಲಿದೆ. ಆದರೆ ಕಂತಿನ ಬೆನ್ನೆಲುಬು ಒಂದು ಕಡತ. ಕಟ್ಟಡ ನಿರ್ಮಾಣ ಕಂಪನಿಯೊಂದರ ಕಾರ್ಯದರ್ಶಿ ಕೆರೆನ್ ಪೇಜ್‌ಗೆ ನೌಕರರ ಪಿಂಚಣಿ ನಿಧಿಯ ಲೆಕ್ಕದ ಕಡತ ಆಕಸ್ಮಿಕವಾಗಿ ಸಿಗುತ್ತದೆ. ಅದರಲ್ಲಿ ಇರಬಾರದಷ್ಟು ಹಣ ಓಡಾಡುತ್ತಿದೆ. ಅಷ್ಟಕ್ಕೇ ಅವಳ ಮೇಲೆ ಕೊಲೆಯ ಆರೋಪ ಬೀಳುತ್ತದೆ, ಅವಳ ಜೀವಕ್ಕೂ ಸಂಚಕಾರ ಬರುತ್ತದೆ. 'ಅವೆಂಜರ್ಸ್' ಚಿತ್ರದ ಮಹಾಯುದ್ಧದಲ್ಲಿ ಕುಸಿದ ಊರನ್ನು ಮತ್ತೆ ಕಟ್ಟುವ ಗುತ್ತಿಗೆಯಿಂದ ಕೊಬ್ಬಿದವರು ಈ ಸರಣಿಯ ಖಳರು. ಊರಿನ ಅರ್ಥವ್ಯವಸ್ಥೆಯೇ ಇಲ್ಲಿ ಖಳನ ಹುಟ್ಟೂರು. ಒಂದು ತಾಸಿನೊಳಗೆ ಕಥೆ ನಡೆಯುವ ಹೆಲ್ಸ್ ಕಿಚನ್ ಬಡಾವಣೆ ನಮಗೆ ಗೊತ್ತಾಗುತ್ತದೆ, ಅಲ್ಲಿ ಯಾರು ಯಾರಿಗೆ ಹೆದರಬೇಕು ಎಂಬುದೂ ಗೊತ್ತಾಗುತ್ತದೆ. ಅಷ್ಟಾಗಿಯೂ ಹೊಡೆದಾಟದ ರೋಚಕತೆ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ.

ಪಿಂಚಣಿ ಕಡತ ಎಂದಾಗ ಬೆಂಗಳೂರಿಗನಿಗೆ ನೆನಪಾಗಬೇಕಾದದ್ದು 2016ರ ಏಪ್ರಿಲ್. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಆ ವರ್ಷದ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಕಣ್ಣು, ಸೊಂಟ ಸೋತು ಮಿಷಿನ್ ಬಿಟ್ಟು ಹೊರಡುವ ಗಾರ್ಮೆಂಟ್ಸ್ ಹೆಂಗಸಿಗೆ ಪಿಎಫ್ ಎಂದರೆ ಮಗಳ ಮದುವೆ, ಮಗನ ಫೀಸು, ಊರಿನಲ್ಲೊಂದು ಹೆಂಚಿನ ಮನೆ. ಅವಳಿಗೆ ಐವತ್ತೆಂಟು ಎಂಬುದು ಅರ್ಥವಿಲ್ಲದ ಸಂಖ್ಯೆ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ಹೊರಗೆ ಬಂದು ಹೊಸೂರು ರಸ್ತೆಯನ್ನೂ ಪೀಣ್ಯದ ಬಳಿ ತುಮಕೂರು ರಸ್ತೆಯನ್ನೂ ನಿಲ್ಲಿಸಿಬಿಟ್ಟರು. ಮುಂದೆ ನಿಂತು ಮೈಕ್ ಹಿಡಿದ ನಾಯಕನಿರಲಿಲ್ಲ, ಇವರೆಲ್ಲ ಯಾವ ಸಂಘದ ಕರೆಗೂ ಕಾದವರಲ್ಲ. ಕಲ್ಲು ತೂರಾಟ, ಲಾಠಿ, ಬೆಂಕಿ ಹತ್ತಿದ ಬಸ್ಸುಗಳು ಎಲ್ಲವೂ ನಡೆದವು. 19ರಂದೇ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಈ ಊರಿನ ಹೊರವಲಯ ಕಂಡ ಅಸಾಮಾನ್ಯ ಶಕ್ತಿಪ್ರದರ್ಶನ ಅದು. ಮಾಡಿದವರು ಹೆಂಗಸರು. ಚಂದ್ರಳಂಥ ಪಾತ್ರವನ್ನು ಇಲ್ಲಿ ಇಳಿಸಿದ ಬರಹಗಾರರಿಗೆ ಅದೇ ಘಟನೆಯನ್ನು ಬಳಸಿ ಎಂದು ನಾನು ಹೇಳುತ್ತಿಲ್ಲ. ಇಂಥ ಊರಿಗೆ ಹೆಣ್ಣುಶಕ್ತಿ ಹೊರಗಿನಿಂದಲೇ ಬರಬೇಕು ಎಂಬ ಎಣಿಕೆ ಎಷ್ಟು ಪೊಳ್ಳು ಎಂದಷ್ಟೇ ಹೇಳುತ್ತಿದ್ದೇನೆ.

ಈ ಎಣಿಕೆಯ ದೋಷ ಕಥೆಯ ಕಣ್ಣಿಗೂ ತಗುಲಿದೆ. ಚಂದ್ರಳ ಕಥೆಯನ್ನು ನಾವು ಬಹುಪಾಲು ನೋಡುವುದು ಎದುರು ಕಟ್ಟಡದ ಸನ್ನಿ ಮತ್ತವನ ಗೆಳೆಯರ ಕಣ್ಣಿನಿಂದ. ಸನ್ನಿಯಾಗಿ ನಸ್ಲೆನ್ ನಗಿಸುತ್ತಾರೆ, ಅವರ ಟೈಮಿಂಗ್ ಬಗ್ಗೆ ದೂರಿಲ್ಲ. ಅಪರಿಚಿತ ಲೋಕಕ್ಕೆ ಪ್ರೇಕ್ಷಕನನ್ನು ಕೈಹಿಡಿದು ಕರೆದೊಯ್ಯಲು ಸಾಮಾನ್ಯ ಮನುಷ್ಯನೊಬ್ಬ ಬೇಕು ಎಂಬ ಸಮರ್ಥನೆಯನ್ನೂ ಅರ್ಥಮಾಡಿಕೊಳ್ಳಬಲ್ಲೆ. ಆದರೆ ಈ ಏರ್ಪಾಡಿನ ಬೆಲೆ ಎಷ್ಟೆಂದು ನೋಡಿ. ತನ್ನದೇ ಹೆಸರಿನ ಅಧ್ಯಾಯದಲ್ಲಿ ನಾಯಕಿ ಕಿಟಕಿಯ ಆಚೆಗಿನ ಕುತೂಹಲವಾಗುತ್ತಾಳೆ. ಅವಳಿಗೆ ಈ ಊರು ಹೇಗೆ ಕಾಣುತ್ತದೆ? ಶತಮಾನಗಳನ್ನು ದಾಟಿ ಬಂದವಳಿಗೆ ಕೆರೆ ಮುಚ್ಚಿ ಎದ್ದ ಟೆಕ್ ಪಾರ್ಕು, ಗಾಜಿನ ಗೋಡೆ ಏನನ್ನಿಸುತ್ತದೆ? ತನ್ನ ಜನರನ್ನು ದೇಗುಲದ ಬಾಗಿಲಲ್ಲಿ ತಡೆದು ಕೊಂದ ಕಟ್ಟಳೆ, ಗೇಟೆಡ್ ಕಮ್ಯೂನಿಟಿಯ ಸರ್ವಿಸ್ ಲಿಫ್ಟಿನಲ್ಲಿ, ಮನೆಗೆಲಸದವರಿಗೆಂದೇ ಇಟ್ಟ ಬೇರೆ ದಾರಿಯಲ್ಲಿ ಇನ್ನೂ ಉಸಿರಾಡುತ್ತಿರುವುದು ಅವಳಿಗೆ ಕಾಣಬೇಡವೇ? ಹಿನ್ನೋಟವನ್ನೂ ವರ್ತಮಾನವನ್ನೂ ಹೊಲಿಯುವ ದಾರ ಅಲ್ಲೇ ಬಿದ್ದಿತ್ತು. ಚಿತ್ರ ಅದನ್ನು ದಾಟಿಕೊಂಡು ಮುಂದಿನ ಅತಿಥಿ ನಟನ ಕಡೆ ಓಡಿತು.

ಇನ್ನೊಂದು ಪ್ರತಿವಾದ ಹೆಚ್ಚು ಗಂಭೀರವಾದದ್ದು. ಮಲಯಾಳಿ ವಲಸಿಗರ ಕಣ್ಣಲ್ಲಿ ಬೆಂಗಳೂರು ಕಾಣುವುದೇ ಹೀಗೆ, ಹೊರಗಿನವರ ನೋಟಕ್ಕೂ ಹಕ್ಕಿದೆ, ನೀವು ಕೇಳುತ್ತಿರುವುದು ಮಣ್ಣಿನ ಮಕ್ಕಳ ಸಿನಿಮಾ ಎಂಬುದು. ಹೊರಗಿನವರ ನೋಟದ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ, ಆ ನೋಟ ಎಷ್ಟು ಚುರುಕಾಗಿರಬಲ್ಲದು ಎಂಬುದಕ್ಕೆ ಮಲಯಾಳಂ ಸಿನಿಮಾವೇ ಪುರಾವೆ ಒದಗಿಸಿದೆ. ಜಿತು ಮಾಧವನ್ ಅವರ 'ರೋಮಾಂಚಂ' (2023) ಬ್ರಹ್ಮಚಾರಿ ಹುಡುಗರ ಬಾಡಿಗೆ ಮನೆಗೆ ದೆವ್ವವನ್ನು ಕರೆಯುತ್ತದೆ. ಕಾಲ 2007. ಕೆಲಸವಿಲ್ಲದ, ಬಾಡಿಗೆ ಹೊಂದಿಸಲು ಪರದಾಡುವ, ನೀರಿಗೂ ನಿದ್ದೆಗೂ ಜಾಗಕ್ಕೂ ಕಿತ್ತಾಡುವ ಹೊರಗಿನ ಹುಡುಗರ ಬೆಂಗಳೂರು ಅಲ್ಲಿ ವಾಸನೆ ಸಮೇತ ಇದೆ. ಅವರದೇ 'ಆವೇಶಂ' (2024) ಎಂಜಿನಿಯರಿಂಗ್ ಕಾಲೇಜು, ರ‍್ಯಾಗಿಂಗು, ಹಾಸ್ಟೆಲ್ಲು ಎಂಬ ಹೊರವಲಯದ ಇನ್ನೊಂದು ಉದ್ಯಮವನ್ನು ಹಿಡಿದು, ಫಹಾದ್ ಫಾಸಿಲ್‌ ಅವರ ರಂಗನಂಥ ಕನ್ನಡ ಮಲಯಾಳಂ ಬೆರೆಸಿ ಆಡುವ ರೌಡಿಯನ್ನು ಸೃಷ್ಟಿಸಿತು. ರಂಗ ಅತಿಶಯದ ಪಾತ್ರ, ಆದರೆ ಅವನು ಹುಟ್ಟಬಹುದಾದ ಊರು ಇದೊಂದೇ. 'ಲೋಕಾ'ದ ಗ್ಯಾಂಗನ್ನು ಕೊಚ್ಚಿಗೋ ಹೈದರಾಬಾದಿಗೋ ಸಾಗಿಸಿದರೆ ಚಿತ್ರಕ್ಕೆ ಆಗುವ ನಷ್ಟ ಏನೂ ಇಲ್ಲ. ನಾನು ಒಡ್ಡುತ್ತಿರುವ ಪರೀಕ್ಷೆ ಇಷ್ಟೇ: ಊರು ಬದಲಾದರೆ ಕಥೆ ಬೀಳಬೇಕು.

ಅಲೌಕಿಕ ಶಕ್ತಿಯ ಕಥೆಗೂ ಈ ಪರೀಕ್ಷೆ ಅನ್ವಯಿಸಬಹುದು ಎಂದು ಕನ್ನಡ ಸಿನಿಮಾ ತೋರಿಸಿ ಹತ್ತು ವರ್ಷವಾಗುತ್ತ ಬಂತು. ಪವನ್ ಕುಮಾರ್ ಅವರ 'ಯು ಟರ್ನ್' (2016) ದೆವ್ವದ ಇಡೀ ನ್ಯಾಯವನ್ನು ಡಬಲ್ ರೋಡ್ ಫ್ಲೈಓವರಿನ ಡಿವೈಡರ್ ಕಲ್ಲುಗಳ ಮೇಲೆ ಕಟ್ಟಿತು. ಅರ್ಧ ಕಿಲೋಮೀಟರ್ ಉಳಿಸಲು ಕಲ್ಲು ಸರಿಸಿ ತಿರುಗಿಸಿಕೊಂಡು ಹೋಗುವ ಬೈಕಿನವರು ನಾವೇ. ಆ ದೆವ್ವ ನಮ್ಮ ನಾಗರಿಕ ಅಸಡ್ಡೆಯಿಂದಲೇ ಹುಟ್ಟಿದ್ದರಿಂದ ನಮ್ಮನ್ನು ಹೆದರಿಸಿತು. ಇದಕ್ಕೂ ಹಿಂದೆ, 1990ರ ದಶಕದಲ್ಲಿ, ಈ ಊರಿಗೆ ಸ್ವಂತದ್ದೊಂದು ರಾತ್ರಿಸಂಚಾರಿ ಹೆಣ್ಣು ಇದ್ದಳು. ಆಪ್ತರ ದನಿಯಲ್ಲಿ ಕೂಗಿ ಬಾಗಿಲು ಬಡಿಯುವವಳಿಗೆ ಉತ್ತರವಾಗಿ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದ ಕಾಲ ಅದು. ಹಿಂದಿಯವರು ಆ ಎಳೆಯನ್ನು ಹಿಡಿದು 2018ರಲ್ಲಿ 'ಸ್ತ್ರೀ' ಮಾಡಿದರು, ಅದನ್ನೇ ಸರಣಿಯಾಗಿ ಬೆಳೆಸಿದರು. ಕೇರಳದ ಯಕ್ಷಿ ಬೆಂಗಳೂರಿನ ಬೀದಿಯಲ್ಲಿ ಈ ಅಕ್ಕನನ್ನು ಎದುರುಗೊಂಡಿದ್ದರೆ ಸರಣಿಗೆ ಎಂಥ ಎರಡನೇ ಅಧ್ಯಾಯ ಸಿಗುತ್ತಿತ್ತು! ಚಿತ್ರ ತನ್ನ ಪುರಾಣವನ್ನೆಲ್ಲ ಗಂಟು ಕಟ್ಟಿಕೊಂಡು ಬಂದಿದೆ. ಇಳಿದ ಊರಿಗೂ ಪುರಾಣವಿರಬಹುದೆಂಬ ಗುಮಾನಿಯೇ ಅದಕ್ಕಿಲ್ಲ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟರೆ ವಿಮರ್ಶೆ ಪಕ್ಷಪಾತವಾಗುತ್ತದೆ. 'ಲೋಕಾ' ಬೆಂಗಳೂರನ್ನು ಹೀಯಾಳಿಸಿತು ಎಂದು ಗುಡುಗಿದ ಕನ್ನಡ ಚಿತ್ರರಂಗ ತಾನು ಈ ಊರನ್ನು ಎಷ್ಟು ನೋಡಿದೆ? ನಮ್ಮ ಜನಪ್ರಿಯ ಸಿನಿಮಾದ ಬೆಂಗಳೂರು ಇನ್ನೂ ಬಹುಮಟ್ಟಿಗೆ ಮಾರ್ಕೆಟ್ಟು, ಮಚ್ಚು, ಭೂಗತ ಲೋಕದ್ದು. ಸರ್ಕಾರಿ ಸಂಸ್ಥೆ ಕೆಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರದ ಹತ್ತಿರ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿ ಐವತ್ತು ವರ್ಷ ಹತ್ತಿರವಾಯಿತು. ಅಲ್ಲಿ ದುಡಿಯುವವರ ಒಂದು ರಾತ್ರಿಯನ್ನು ಪೂರ್ತಿಯಾಗಿ ತೋರಿಸಿದ, ಎಲ್ಲರ ನಾಲಿಗೆಯ ಮೇಲೂ ಇರುವ ಕನ್ನಡ ಚಿತ್ರದ ಹೆಸರು ಹೇಳಿ ಎಂದರೆ ತಡಬಡಾಯಿಸುತ್ತೇವೆ. ಪೀಣ್ಯದ ಗಾರ್ಮೆಂಟ್ಸ್ ಹೆಂಗಸು ನಮ್ಮ ಸಿನಿಮಾದಲ್ಲಿ ಹೆಚ್ಚೆಂದರೆ ನಾಯಕನ ಬಡ ತಾಯಿ. ನಮ್ಮ ಊರಿನ ಬಗ್ಗೆ ಬೇರೆಯವರು ಆಡಿದ ಒಂದು ಮಾತನ್ನು ತೆಗೆಸಲು ತೋರಿದ ಹುರುಪಿನ ಕಾಲು ಭಾಗವನ್ನು ನಾವೇ ಆ ಊರಿನ ಬಗ್ಗೆ ನಾಲ್ಕು ಮಾತು ಬರೆಯಲು ತೋರಿದ್ದರೆ, ಈ ಜಾಗ ಖಾಲಿ ಬಿದ್ದಿರುತ್ತಿರಲಿಲ್ಲ. ಖಾಲಿ ಜಾಗಕ್ಕೆ ಬಂದವರು ತಮಗೆ ತೋಚಿದ ಸೆಟ್ ಹಾಕಿಕೊಂಡರು.

ಒಟ್ಟಿನಲ್ಲಿ ನನ್ನ ತೀರ್ಪು ಇದು. 'ಲೋಕಾ' ಒಳ್ಳೆಯ ಕಸುಬಿನ, ಒಂದು ಅದ್ಭುತ ಹಿನ್ನೋಟದ, ಊರಿಲ್ಲದ ಚಿತ್ರ. ಅದರ ವಾಣಿಜ್ಯ ಯಶಸ್ಸು ಅರ್ಹವಾದದ್ದೇ. ಆದರೆ ಸರಣಿಯ ಮೊದಲ ಕಂತಾಗಿ ಅದು ತನ್ನ ಪಾತ್ರಗಳ ಮೆರವಣಿಗೆ ತೋರಿಸಿತೇ ಹೊರತು ಅವರು ಕಾಯಬೇಕಾದ ಲೋಕವನ್ನು ಕಟ್ಟಲಿಲ್ಲ. ಮುಂದಿನ ಅಧ್ಯಾಯಗಳನ್ನು ಬರೆಯುತ್ತಿರುವವರಲ್ಲಿ ಕೋರಿಕೆಯೊಂದೇ: ಬೆಂಗಳೂರಿಗೆ ಮತ್ತೆ ಬರುವುದಾದರೆ ಖಳನನ್ನು ಹುಡುಕುವ ಮೊದಲು ಸಂಬಳದ ಚೀಟಿ, ಬಾಡಿಗೆ ಕರಾರು, ಪಿಎಫ್ ಪಾಸ್‌ಬುಕ್ ಇವಿಷ್ಟನ್ನು ಓದಿ ಬನ್ನಿ. ಕನ್ನಡದ ಬರಹಗಾರರಿಗೂ ನಿರ್ಮಾಪಕರಿಗೂ ಹೇಳುವುದು ಇನ್ನೂ ಸರಳ. ಈ ಊರಿನ ರಾತ್ರಿಯ ಕಥೆಯನ್ನು ಮೊದಲು ಹೇಳಬೇಕಾದವರು ನೀವು. ಇನ್ನೊಬ್ಬರ ಚಿತ್ರದ ಸಂಭಾಷಣೆ ತಿದ್ದುವುದರಿಂದ ಆ ಕೆಲಸ ಮುಗಿಯುವುದಿಲ್ಲ.